ಸರೋಜಕ್ಕನ ಬಿ ಸೈಡು

ಸೊಳ್ಳೆಬತ್ತಿಯ ವಾಸನೆ ನನಗೆ ಆಗುವುದಿಲ್ಲ. ಕನಕಪುರದ ನಮ್ಮ ಬೀದಿಯಲ್ಲಿ ಸಂಜೆಯಾಯಿತೆಂದರೆ ಮನೆಮನೆಯಲ್ಲೂ ಆ ಹಸಿರು ಸುರುಳಿ ಹೊಗೆಯಾಡುತ್ತದೆ, ನಾನು ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತೇನೆ. ನಮ್ಮ ಸೊಸೆ ಇದನ್ನು ಉಬ್ಬಸ ಅಂದುಕೊಂಡಿದ್ದಾಳೆ. ಪಾಪ, ಎರಡು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಬೆನ್ನಿಗೆ, ಎದೆಗೆ ಕೊಳವೆ ಇಟ್ಟು ಆಲಿಸಿ "ಏನೂ ಇಲ್ವಲ್ಲಮ್ಮ" ಅಂದರು. ಏನೂ ಇಲ್ಲ ಅನ್ನುವುದು ನನಗೂ ಗೊತ್ತಿತ್ತು. ಆದರೂ ಸೊಸೆಯ ಸಮಾಧಾನಕ್ಕೆ ಅವರು ಬರೆದುಕೊಟ್ಟ ಮಾತ್ರೆಯನ್ನು ಹತ್ತು ದಿನ ನುಂಗಿದೆ.

ಹೋದ ವಾರ ಮೊಮ್ಮಗಳು ಓದಲು ಕೂತವಳು ಸೊಳ್ಳೆ ಕಾಟ ತಡೆಯದೆ ನನ್ನ ಕುರ್ಚಿಯ ಕೆಳಗೇ ಒಂದು ಬತ್ತಿ ಹಚ್ಚಿಟ್ಟಳು. ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಸರೋಜಕ್ಕ ನೆನಪಾದಳು. ಪ್ರತಿಸಲವೂ ಹೀಗೇ. ಆದರೆ ಈ ಸಲ ಯಾಕೋ ಹೆದರಿಕೆಯೂ ಆಯಿತು. ಅವಳಿಗೀಗ ಅರವತ್ತೈದು ದಾಟಿರಬೇಕು, ನನಗೂ ಅರವತ್ತು ತುಂಬಿತು. ಅವಳಿಗೆ ನಾನು ಹೇಳಬೇಕಾಗಿದ್ದ ಒಂದು ಮಾತು ಮೂವತ್ತು ವರ್ಷಕ್ಕೂ ಮೇಲಾಗಿ ನನ್ನ ಬಾಯಲ್ಲೇ ಉಳಿದುಕೊಂಡಿತ್ತು. ಇಬ್ಬರಲ್ಲಿ ಒಬ್ಬರು ಹೊರಟುಬಿಟ್ಟರೆ ಅದು ಹಾಗೇ ಉಳಿದುಹೋಗುತ್ತದಲ್ಲ ಅನ್ನಿಸಿತು. ಅದೇನು ಮಾತು ಅಂತ ಹೇಳುತ್ತೇನೆ, ಆದರೆ ಮೊದಲು ಸರೋಜಕ್ಕ ಎಂಥವಳು ಅನ್ನುವುದು ನಿಮಗೆ ಗೊತ್ತಾಗಬೇಕು. ಅವಸರವಿದ್ದವರು ಹೋಗಿಬನ್ನಿ, ಚುಟುಕಾಗಿ ಹೇಳುವ ವಿದ್ಯೆ ನನಗೆ ಬರಲಿಲ್ಲ.

ಸರೋಜಕ್ಕ ನನ್ನ ಓರಗಿತ್ತಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ. ಓರಗಿತ್ತಿ ಅಂದಕೂಡಲೇ ಒಲೆಯ ಮುಂದಿನ ಜಗಳ ನಿಮ್ಮ ಕಣ್ಣಿಗೆ ಬಂದಿದ್ದರೆ ನಿಮ್ಮದೇನೂ ತಪ್ಪಿಲ್ಲ, ನಾನೂ ಅದಕ್ಕೇ ಸಿದ್ಧಳಾಗಿ ಬಂದಿದ್ದೆ. ಉಯ್ಯಂಬಳ್ಳಿ ಕಡೆಯಿಂದ ಕೋಡಿಹಳ್ಳಿಯ ಆಚೆಯ ನಮ್ಮ ಯಜಮಾನರ ಊರಿಗೆ ನಾನು ಸೊಸೆಯಾಗಿ ಬಂದ ಮಾರನೆಯ ದಿನ, ಈ ದೊಡ್ಡ ಸೊಸೆ ನನ್ನನ್ನು ಹಿತ್ತಲಿಗೆ ಕರೆದಳು. ಅತ್ತೆಯ ಸ್ವಭಾವದ ಬಗ್ಗೆ ಏನೋ ಗುಟ್ಟು ಹೇಳುತ್ತಾಳೆ ಅಂತ ಹೋದೆ. ಅವಳು ಅತ್ತಿತ್ತ ನೋಡಿ ಕೇಳಿದ್ದು ಇಷ್ಟು: "ಒಸಿ ನಿಜ ಹೇಳಮ್ಮಿ, ಈ ಸರ್ಕಾರ ಇನ್ನೆಷ್ಟ್ ತಿಂಗ್ಳು ನಿಂತ್ಕತದೆ ಅನ್ಸುತ್ತೆ ನಿಂಗೆ?" ನಾನು ಊರ ಪಂಚಾಯ್ತಿಯ ವಿಚಾರ ಅಂದುಕೊಂಡು "ನಿಲ್ಲುತ್ತೆ ಬಿಡಕ್ಕ" ಅಂದೆ. "ಡೆಲ್ಲಿದು ಕಣಮ್ಮಿ" ಅಂದಳು, ಬಹಳ ಬೇಜಾರಿನಿಂದ. ಸಂಜೆಯೊಳಗೆ ನನಗೆ ಪ್ರಧಾನಿಯ ಹೆಸರು, ಅವರ ಮೇಲೆ ಮುನಿಸಿಕೊಂಡಿರುವ ಮಂತ್ರಿಗಳ ಹೆಸರು ಎಲ್ಲ ಬಾಯಿಪಾಠ ಮಾಡಿಸಿದಳು. ನಮ್ಮ ಯಜಮಾನರ ಅತ್ತೆ ಮಕ್ಕಳ ಹೆಸರು ಕಲಿಯಲು ನನಗೆ ಆರು ತಿಂಗಳು ಬೇಕಾಯಿತು.

ಅದು ರೇಷ್ಮೆಯ ಕಾಲ. ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟವಾಗಿದ್ದವು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗುವ ಬಸ್ಸಿನ ಟಾಪಿನಲ್ಲಿ ಮನುಷ್ಯ ಕೂರಲು ಜಾಗವಿರುತ್ತಿರಲಿಲ್ಲ, ಬರೀ ಮೂಟೆ. ನಮ್ಮ ಮನೆಯಲ್ಲಿ ಹುಳುಗಳಿಗೆ ದೊಡ್ಡ ಹಜಾರ, ಉಳಿದದ್ದು ನಮಗೆ. ಬಿದಿರಿನ ತಟ್ಟೆಗಳು ನೆಲದಿಂದ ಸೂರಿನ ತನಕ ಒಂದರ ಮೇಲೊಂದು. ಹುಳ ಇದ್ದಷ್ಟು ದಿನ ಮನೆಯೆಲ್ಲ ಮಡಿ. ಚಪ್ಪಲಿ ಹೊರಗೆ. ಮುಖಕ್ಕೆ ಪೌಡರು ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವನು ಹೊಸಿಲು ದಾಟುವಂತಿಲ್ಲ, ಒಗ್ಗರಣೆ ಕೂಡ ಹಿತ್ತಲ ಒಲೆಯಲ್ಲಿ. ಯಾವ ಘಾಟೂ ಹುಳಕ್ಕೆ ಆಗದು. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆ ಒಂದು ವಾರ ಗಬಗಬ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಜ್ವರದ ದಿನಗಳಲ್ಲಂತೂ ಅತ್ತೆ ಕೆಮ್ಮಿದವರನ್ನೂ ದುರುಗುಟ್ಟಿ ನೋಡುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಎಲ್ಲರಿಗೂ ಪಿಸುಗುಟ್ಟುವುದೇ ಅಭ್ಯಾಸವಾಗಿಹೋಗಿತ್ತು.

ಸರೋಜಕ್ಕನಿಗೆ ಅದೇ ಕಷ್ಟ. ಅವಳು ಚನ್ನಪಟ್ಟಣದವಳು, ಅವಳಪ್ಪ ಮರದ ಬೊಂಬೆ ಕಡೆಯುವವರು. ಹುಟ್ಟಿದಾಗಿನಿಂದ ಅವಳ ಕಿವಿಗೆ ಬಿದ್ದದ್ದು ಮೋಟಾರಿನ ಗುರ್ರ್, ಉಳಿಯ ಕಿರ್ರ್. "ಸದ್ದಿಲ್ದೆ ನಂಗೆ ಕೈ ಓಡಕ್ಕಿಲ್ಲ ಕಣಮ್ಮಿ" ಅನ್ನುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ಅದರ ಮೇಲೆ ಓದುವ ಹುಚ್ಚು ಬೇರೆ. ನಮ್ಮ ಮನೆಯಲ್ಲಿ ಓದಲು ಇದ್ದದ್ದು ಹುಳದ ತಟ್ಟೆಗೆ ಹಾಸುವ ಹಳೆಯ ಪೇಪರು ಮಾತ್ರ.

ಆ ಪೇಪರನ್ನು ಭಾವ ರಾಮನಗರದಿಂದ ಕಟ್ಟುಗಟ್ಟಲೆ ತರುತ್ತಿದ್ದರು. ಸರೋಜಕ್ಕ ಒಂದೊಂದನ್ನೂ ಹಾಸುವ ಮುಂಚೆ ಮೊದಲ ಪುಟ ಪೂರ್ತಿ ಓದುವಳು. ಡೆಲ್ಲಿಯಲ್ಲಿ ಸರ್ಕಾರಗಳು ಪದೇಪದೇ ಬೀಳುತ್ತಿದ್ದ ಕಾಲ ಅದು. ಕಟ್ಟಿನಲ್ಲಿ ಹೊಸ ಪೇಪರು ಮೇಲೆ, ಹಳೆಯದು ಕೆಳಗೆ ಇರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಸರ್ಕಾರ ಮೊದಲು ಬೀಳುತ್ತಿತ್ತು, ನಾಲ್ಕು ದಿನದ ಮೇಲೆ ಪ್ರಮಾಣವಚನ ತೆಗೆದುಕೊಳ್ಳುತ್ತಿತ್ತು. ಸೋಮವಾರ ರಾಜೀನಾಮೆ ಕೊಟ್ಟ ಮಂತ್ರಿ ಗುರುವಾರ ನಗುನಗುತ್ತಾ ಟೇಪು ಕತ್ತರಿಸುವನು. "ಅಯ್ಯೋ ಪೆದ್ದೇ, ಮುಂದೇನಾಯ್ತದೆ ಅಂತ ನಂಗ್ ಗೊತ್ತು ಕಣಪ್ಪ" ಅಂತ ಸರೋಜಕ್ಕ ಅವನ ಫೋಟೋ ನೋಡಿ ನಿಜವಾಗಿಯೂ ಮರುಗುವಳು. ತನಗಾಗದವರ ಫೋಟೋವನ್ನು ಬೇಕೆಂತಲೇ ದೊಡ್ಡ ಹುಳದ ತಟ್ಟೆಗೆ ಹಾಸುವಳು, ಹಿಕ್ಕೆ ಬೀಳುವುದು ಅಲ್ಲೇ ಜಾಸ್ತಿ. ಇಷ್ಟವಾದವರನ್ನು ಕತ್ತರಿಸಿ ಸೀರೆ ಟ್ರಂಕಿನಲ್ಲಿ ಇಡುವಳು. ಪಾರ್ಟಿ ನೋಡಿ ಇಷ್ಟಪಡುವವಳಲ್ಲ. ಸೋತು ಎದ್ದು ಹೋಗುವಾಗ ಯಾರು ತಲೆ ತಗ್ಗಿಸಲಿಲ್ಲವೋ ಅವರು ಅವಳಿಗೆ ಇಷ್ಟ.

ಒಂದು ಸಲ ಕೇಳಿದೆ: "ಅಲ್ಲಕ್ಕ, ನಮ್ಮೂರ ಎಲೆಕ್ಷನ್ ಬಗ್ಗೆ ಒಂದು ಮಾತೂ ಆಡಲ್ಲ ನೀನು. ಅಷ್ಟು ದೂರದ ಡೆಲ್ಲಿ ಯಾಕೆ?"

"ನಮ್ಮೂರಲ್ಲಿ ನಿಂತಿರೋರೆಲ್ಲ ನೆಂಟ್ರೇ. ಬೈಯಕ್ಕಾದದಾ? ಡೆಲ್ಲಿಯೋರ್ನಾದ್ರೆ ಬಾಯ್ತುಂಬ ಬೈಬೋದು. ಅವ್ರೇನ್ ನಮ್ಮನೆ ತಿಥಿಗ್ ಬತ್ತಾರಾ?"

ನನಗೆ ಈ ದೇಶದ ರಾಜಕೀಯದ ಬಗ್ಗೆ ಅದಕ್ಕಿಂತ ಒಳ್ಳೆಯ ವಿವರಣೆ ಈತನಕ ಸಿಕ್ಕಿಲ್ಲ. ಬೆಳಿಗ್ಗೆ ಡೆಲ್ಲಿಯಿಂದ ರೇಡಿಯೋದಲ್ಲಿ ವಾರ್ತೆ ಬರುವ ಹೊತ್ತಿಗೆ ಅವಳು ಸೊಪ್ಪು ಹೆಚ್ಚುತ್ತಿರುತ್ತಿದ್ದಳು. ಬಹುಮತ ಸಾಬೀತಾಗುವ ದಿನಗಳಲ್ಲಿ ಮಚ್ಚು ಅರ್ಧಕ್ಕೆ ನಿಂತುಬಿಡುತ್ತಿತ್ತು. ಅಂಥ ದಿನ ನಮ್ಮ ಭಾವ, ಮಹಾ ಸಾಧು ಮನುಷ್ಯ, ಏನೂ ಅನ್ನದೆ ಅವಳ ಕೈಯಿಂದ ಮಚ್ಚು ತೆಗೆದುಕೊಂಡು ತಾವೇ ಸೊಪ್ಪು ಹೆಚ್ಚಿಬಿಡುತ್ತಿದ್ದರು.

ಇನ್ನು ಹಾಡಿನ ವಿಷಯ. ಗೂಡು ಚೆನ್ನಾಗಿ ಬಂದ ಒಂದು ಸಲ ಮನೆಗೆ ಟೇಪ್ ರೆಕಾರ್ಡರ್ ಬಂತು. ಅತ್ತೆಗೆ ದೇವರ ನಾಮ ಕೇಳುವ ಆಸೆ. ಆಗೆಲ್ಲ ಅಂಗಡಿಯವರು ನಾವು ಕೇಳಿದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ತವರಿಗೆ ಹೋಗಿದ್ದ ಸರೋಜಕ್ಕ ಚನ್ನಪಟ್ಟಣದಲ್ಲಿ ಒಂದು ಕ್ಯಾಸೆಟ್ಟು ತುಂಬಿಸಿಕೊಂಡು ಬಂದಳು. ಅಂಗಡಿಯವನು ಯಾರೋ ವಾಪಸ್ಸು ಕೊಟ್ಟಿದ್ದ ಕ್ಯಾಸೆಟ್ಟಿಗೇ ತುಂಬಿದ್ದನೋ ಏನೋ, ಎ ಸೈಡಿನಲ್ಲಿ ದೇವರ ನಾಮ ಇತ್ತು, ಬಿ ಸೈಡಿನಲ್ಲಿ ಇದ್ದದ್ದನ್ನು ಅಳಿಸಲು ಮರೆತಿದ್ದ.

ಅತ್ತೆ ಎ ಸೈಡು ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ ಮಗ್ಗುಲು ಹಾಕವ್ವ" ಅಂದರು. ಹಾಕಿದೆ. ಮೊದಲು ಡ್ರಮ್ಮು ಬಂತು, ನಡುಮನೆಯ ಪಾತ್ರೆಗಳೆಲ್ಲ ನಡುಗಿದವು. ಆಮೇಲೆ ಕಬ್ಬಿಣ ಕುಯ್ದ ಹಾಗೆ ಗಿಟಾರು. ಅದರ ಮೇಲೆ ಒಬ್ಬ ಗಂಟಲು ಹರಿಯುವಂತೆ ಕಿರುಚಿದ. ನಾನು ಬೆಚ್ಚಿ ಆಫ್ ಮಾಡಲು ಕೈ ಚಾಚಿದೆ. ಅತ್ತೆ ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡರು. "ನಿಲ್ಲುಸ್‌ಬ್ಯಾಡ. ಮೈಮೇಲ್ ಬಂದೈತೆ" ಅಂದರು. ದೇವರ ನಾಮದ ಬೆನ್ನಿಗೇ ಬಂದದ್ದಲ್ಲವೇ, ಹಾಡುತ್ತಿದ್ದ ಭಕ್ತನ ಮೈಮೇಲೆ ದೇವರು ಬಂದಿದೆ ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನಮ್ಮ ಕಡೆ ಮೈಮೇಲೆ ಬಂದ ದೇವರನ್ನು ನಡುವೆ ತಡೆಯಬಾರದು. ಹಾಗಾಗಿ ಮನೆಮಂದಿಯೆಲ್ಲ ಅರ್ಧ ಗಂಟೆ ಕೈಮುಗಿದುಕೊಂಡು ಅದನ್ನು ಕೇಳಿದೆವು. ಮನೆಯಲ್ಲಿ ಹುಳ ಇಲ್ಲದ ದಿನವಾದ್ದರಿಂದ ಅತ್ತೆ ಕೊನೆಗೆ ಟೇಪ್ ರೆಕಾರ್ಡರಿಗೆ ಕರ್ಪೂರದ ಆರತಿಯನ್ನೂ ಎತ್ತಿದರು. ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡು ಸರೋಜಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಬಹಳ ದಿನದ ಮೇಲೆ ತವರಿನವರ ದನಿ ಕೇಳಿದವಳ ಹಾಗೆ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಮುಂದಿನ ಸಲ ತವರಿಗೆ ಹೋದಾಗ ಅದೇ ಅಂಗಡಿಗೆ ಹೋಗಿ, "ಆ ಬಿ ಸೈಡಿನ ತರದ್ದು ಇನ್ನೊಂದಷ್ಟು ತುಂಬ್ಸಿ ಕೊಡಪ್ಪ" ಅಂದಳಂತೆ. ಅವನು ಮೂರು ಸಲ "ನಿಮ್ಗಾ?" ಅಂತ ಕೇಳಿದನಂತೆ. ಅದಕ್ಕೆ ಹೆವಿ ಮೆಟಲ್ ಅನ್ನುತ್ತಾರೆ ಅಂತ ಅವನೇ ಹೇಳಿಕೊಟ್ಟದ್ದು. ನಾಲ್ಕು ಕ್ಯಾಸೆಟ್ಟು ತಂದಳು. ಇಂಗ್ಲಿಷು ಅವಳಿಗೂ ಬಾರದು, ನನಗೂ ಬಾರದು. ಆದರೆ ಅವಳಿಗೆ ಅದೊಂದು ಅಡ್ಡಿಯೇ ಅಲ್ಲ. "ಇವ್ನು ಅಪೋಸಿಷನ್ನು. ಅವಿಶ್ವಾಸ ಮಂಡಿಸ್ತಾವ್ನೆ" ಅನ್ನುವಳು. ಹಿಂದಿನಿಂದ ನಾಲ್ಕು ಜನ ಒಟ್ಟಿಗೆ ಕೂಗಿದರೆ, "ಇವ್ರು ಮೇಜು ಗುದ್ದೋರು". ಗಿಟಾರು ಒಂದೇ ಎಳೆಯಾಗಿ ಕೀರಲು ಶುರುಮಾಡಿದರೆ, "ಸ್ಪೀಕರು. ಕೂತ್ಕಳಿ ಕೂತ್ಕಳಿ ಅಂತಾವ್ನೆ, ಯಾರೂ ಕೇಳ್ತಿಲ್ಲ". ನನಗೆ ನಿಜವಾಗಿ ಹಾಗೇ ಕೇಳಿಸುತ್ತಿತ್ತು. ಈಗಲೂ ಟೀವಿಯಲ್ಲಿ ಲೋಕಸಭೆಯ ಗಲಾಟೆ ಕಂಡರೆ ಗಿಟಾರು ಯಾಕೆ ಇನ್ನೂ ಬರಲಿಲ್ಲ ಅಂತ ಕಾಯುತ್ತೇನೆ.

ಮಧ್ಯಾಹ್ನ ಗಂಡಸರು ತೋಟದಲ್ಲಿರುವಾಗ, ಅತ್ತೆ ಜಗಲಿಯಲ್ಲಿ ಮಲಗಿರುವಾಗ, ನಾವಿಬ್ಬರೂ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆವು. ಅವಳು ಟೇಪ್ ರೆಕಾರ್ಡರನ್ನು ಹಜಾರದ ಕಿಟಕಿಯಲ್ಲಿಡುವಳು. ಅತ್ತೆಗೆ ಎಚ್ಚರವಾದರೂ ಮೈಮೇಲೆ ಬಂದ ದೇವರು ಅಂತ ತಡೆಯುತ್ತಿರಲಿಲ್ಲ. ಜ್ವರದ ದಿನಗಳಲ್ಲಿ ಮಾತ್ರ ಮುಟ್ಟುತ್ತಿರಲಿಲ್ಲ, "ಮಲಗವೆ ಪಾಪ" ಅನ್ನುವಳು. ಜ್ವರ ಎದ್ದಮೇಲೆ ಹಾಕುವಳು. ಸೊಪ್ಪು ಮೇಯುವ ಹುಳ ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತಲೇ ಇರುತ್ತದೆ, ನೋಡಿದವರಿಗೆ ಗೊತ್ತು. ಸರೋಜಕ್ಕನ ಪ್ರಕಾರ ಅವು ಡ್ರಮ್ಮಿಗೆ ಸರಿಯಾಗಿ ಆಡಿಸುತ್ತಿದ್ದವು. "ನೋಡಮ್ಮಿ, ಕುಣೀತಾವೆ" ಅಂತ ತಾನೂ ಜಡೆ ಬಿಚ್ಚಿಹೋಗುವಂತೆ ತಲೆ ಕುಣಿಸುವಳು. ಆ ಹಾಡನ್ನು ಪರದೇಶದಲ್ಲಿ ಹಾಗೆ ತಲೆ ಕುಣಿಸಿಯೇ ಕೇಳುತ್ತಾರೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಟೀವಿಯಲ್ಲಿ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮಧ್ಯಾಹ್ನಗಳು ನನಗೆ ಬೇಕು. ಬೇರೇನನ್ನು ಕಳೆದುಕೊಂಡದ್ದಕ್ಕೂ ನಾನು ಇಷ್ಟು ಹಲುಬಿಲ್ಲ. ಕೈಯೆಲ್ಲ ಸೊಪ್ಪಿನ ಹಸಿರು, ಮೈಯೆಲ್ಲ ಬೆವರು, ಒಬ್ಬ ಪರದೇಶಿ ಗಂಟಲು ಕಿತ್ತುಹೋಗುವಂತೆ ಅರಚುತ್ತಿದ್ದಾನೆ, ಸರೋಜಕ್ಕ ಮೂರು ತಿಂಗಳ ಹಿಂದಿನ ಮಂತ್ರಿಗೆ ಬುದ್ಧಿ ಹೇಳುತ್ತಿದ್ದಾಳೆ. ಆ ವಯಸ್ಸಿನಲ್ಲಿ ಅದನ್ನೆಲ್ಲ ನಾನು ದಿನದ ಕೆಲಸ ಅಂದುಕೊಂಡಿದ್ದೆ.

ಈಗ ಆ ಮಾತಿಗೆ ಬರುತ್ತೇನೆ. ನನಗೆ ಗಂಡುಮಗು ಹುಟ್ಟಿ ಆರು ತಿಂಗಳಾಗಿತ್ತು. ಮೊನ್ನೆ ಬತ್ತಿ ಹಚ್ಚಿದಳಲ್ಲ ಮೊಮ್ಮಗಳು, ಅವಳಪ್ಪ. ನನ್ನ ಕೋಣೆಗೂ ಹುಳದ ಹಜಾರಕ್ಕೂ ನಡುವೆ ಒಂದೇ ಗೋಡೆ, ಅದೂ ಸೂರಿನ ತನಕ ಇರಲಿಲ್ಲ. ಮಳೆಗಾಲ ಮುಗಿದು ಸೊಳ್ಳೆ ಮುತ್ತಿಕೊಂಡಿದ್ದವು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರುತ್ತದೆ ಅಂತ ಹಜಾರದ ಕಿಟಕಿಬಾಗಿಲಿಗೆಲ್ಲ ನೈಲಾನ್ ಪರದೆ ಹೊಡೆಸಿದ್ದರು. ಹುಳಕ್ಕೆ ಪರದೆ ಇತ್ತು, ನನ್ನ ಮಗುವಿಗೆ ಇರಲಿಲ್ಲ. ಅದರ ಮುಖವೆಲ್ಲ ದದ್ದು. ನನ್ನ ತಮ್ಮ ಬಂದಾಗ ಕನಕಪುರದಿಂದ ಒಂದು ಡಬ್ಬಿ ಸೊಳ್ಳೆಬತ್ತಿ ತಂದುಕೊಟ್ಟಿದ್ದ. ಹಚ್ಚಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಎರಡು ದಿನ ತಡೆದೆ. ಮೂರನೆಯ ಸಂಜೆ ಮಗು ಕೆರೆದುಕೊಂಡು ರಕ್ತ ಬರಿಸಿಕೊಂಡಿತು. ಬಾಗಿಲು ಹಾಕಿ, ಸಂದಿಗೆ ಸೀರೆ ತುರುಕಿ, ಒಂದು ತುಂಡು ಬತ್ತಿ ಹಚ್ಚಿದೆ. ಹೊಗೆ ಬಾಗಿಲಿನ ಸಂದಿಯಿಂದ ಹೋಗದಿದ್ದರೆ ಸಾಕು ಅಂದುಕೊಂಡೆ. ಮೇಲೆ ನೋಡಲಿಲ್ಲ.

ಹುಳ ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು, ಇನ್ನೆರಡು ದಿನದಲ್ಲಿ ಹಣ್ಣಾಗಬೇಕು. ಬೆಳಿಗ್ಗೆ ಮೊದಲು ಹಜಾರಕ್ಕೆ ಹೋದವಳು ಸರೋಜಕ್ಕ. ಅವಳು ಅಲ್ಲಿಂದ ಕೂಗಿದಳು, ಪಿಸುಮಾತಿನ ಆ ಮನೆಯಲ್ಲಿ ಅದೇ ಮೊದಲ ಕೂಗು: "ಅಮ್ಮಿ, ಬಾರೆ ಇಲ್ಲಿ. ಹಾಡೇ ಹಾಕಿಲ್ಲ, ಆದ್ರೂ ತಲೆ ಆಡುಸ್ತಾವೆ." ಹೋಗಿ ನೋಡಿದೆ. ಒಂದು ತಟ್ಟೆಯಲ್ಲಲ್ಲ, ಎಲ್ಲ ತಟ್ಟೆಯಲ್ಲೂ. ಸೊಪ್ಪು ಮುಟ್ಟದೆ, ಅರ್ಧ ಮೈ ಎತ್ತಿಕೊಂಡು ತಲೆ ಒದರುತ್ತಿದ್ದವು. ಬಾಯಿಂದ ಹಸಿರು ನೀರು. ಮಧ್ಯಾಹ್ನದೊಳಗೆ ಒಂದೊಂದೇ ಮುದುಡಿಕೊಂಡು ಬಿದ್ದವು.

ಮಾವ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕೇಳಿದರು. ಬೀಡಿ ಸೇದಿದವರಾರು, ಔಷಧಿ ಮುಟ್ಟಿದವರಾರು, ಬೇರೆ ತೋಟದ ಸೊಪ್ಪು ತಂದವರಾರು. ಯಾರೂ ಇಲ್ಲ. ನನ್ನ ಸರದಿ ಬಂದಾಗ ನಾನೂ ತಲೆ ಅಲ್ಲಾಡಿಸಿದೆ. ಆಗ ಅತ್ತೆ ಬಾಯಿಬಿಟ್ಟರು. ಯಾವುದಕ್ಕೆ ಆರತಿ ಎತ್ತಿದ್ದರೋ ಅದನ್ನೇ ತೋರಿಸಿ, "ಅದು ದೇವ್ರಲ್ಲ, ದೆವ್ವ. ದಿನಾ ಅದ್ರ ಅರಚಾಟ ಕೇಳ್ಸಿ ಹುಳಿನ್ ಎದೆ ಒಡೆದಾಕ್‌ಬುಟ್ಲು" ಅಂದರು. ಮಾವ ಸರೋಜಕ್ಕನನ್ನು ನೋಡಿದರು. ಎಲ್ಲರೂ ನೋಡಿದರು. ಸರೋಜಕ್ಕ ಮಾತ್ರ ನನ್ನನ್ನು ನೋಡಿದಳು, ನೀನಾದರೂ ಹೇಳು ಅನ್ನುವಂತೆ. ಹಾಡು ಹಾಕಿದ ದಿನವೆಲ್ಲ ಹುಳ ಚೆನ್ನಾಗಿಯೇ ಮೇಯುತ್ತಿತ್ತು ಅನ್ನುವುದು ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿದ್ದದ್ದು. ನಾನು ಮಗುವಿನ ಟೋಪಿ ಸರಿ ಮಾಡುತ್ತಾ ಕೂತೆ.

ಭಾವ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಎತ್ತಿಟ್ಟರು. ಸರೋಜಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಮುಂದಿನ ಸಲ ಮೊಟ್ಟೆ ತಂದು ತಟ್ಟೆ ಸಜ್ಜು ಮಾಡುವಾಗ ನೋಡಿದೆ, ಅವಳು ಪೇಪರನ್ನು ಓದದೆ ಹಾಸುತ್ತಿದ್ದಳು. ಮೊದಲ ಪುಟವನ್ನು ಕೆಳಗೆ ಮಾಡಿ. ಡೆಲ್ಲಿಯಲ್ಲಿ ಆ ತಿಂಗಳೂ ಏನೋ ಬಿದ್ದಿತ್ತು, ರೇಡಿಯೋ ಹೇಳುತ್ತಿತ್ತು, ಅವಳ ಮಚ್ಚು ನಿಲ್ಲಲಿಲ್ಲ.

ಅದಾಗಿ ವರ್ಷದೊಳಗೆ ಮನೆ ಪಾಲಾಯಿತು. ಭಾವ ತಮ್ಮ ಪಾಲನ್ನು ನಮಗೇ ಬಿಟ್ಟು ಮಾಗಡಿಗೆ ಹೋಗಿ, ಸಾವನದುರ್ಗಕ್ಕೆ ಹೋಗುವ ದಾರಿಯಲ್ಲಿ ಕಾಫಿ ತಿಂಡಿ ಅಂಗಡಿ ಇಟ್ಟರು. ಹೊರಡುವ ದಿನ ಸರೋಜಕ್ಕ ನನ್ನ ಮಗುವನ್ನು ಎತ್ತಿ ಮುದ್ದಾಡಿ, ನನ್ನ ಕಡೆ ತಿರುಗಿ "ಬತ್ತೀವಿ. ನೀವೂ ಬನ್ನಿ" ಅಂದಳು. ನನಗೆ ಅವಳು ಅದುವರೆಗೆ ನೀವು ಅಂದದ್ದೇ ಇರಲಿಲ್ಲ. ಮುಂದೆ ಮದುವೆ, ತಿಥಿಗಳಲ್ಲಿ ಸಿಕ್ಕಾಗಲೂ ಹಾಗೇ, "ಚೆನ್ನಾಗಿದ್ದೀರಾ? ಮಕ್ಳು ಚೆನ್ನಾಗವ್ರಾ?" ಭಾವ ತೀರಿಕೊಂಡಾಗ ಹೋಗಿದ್ದೆ, ಆಗಲೂ ಹೇಳಲಾಗಲಿಲ್ಲ. ಸಾವಿನ ಮನೆಯಲ್ಲಿ ಇದೆಂಥ ಮಾತು ಅಂದುಕೊಂಡೆ. ಮದುವೆ ಮನೆಗಳಲ್ಲೂ ಹಾಗೇ ಅಂದುಕೊಂಡಿದ್ದೆ. ಅತ್ತೆ ಬದುಕಿರುವ ತನಕ ಅವರ ಹೆದರಿಕೆ, ಅವರು ಹೋದಮೇಲೆ ಇನ್ಯಾಕೆ ಅನ್ನುವ ಸೋಮಾರಿತನ. ಇದರ ನಡುವೆ ನಾನು ಅಂಗನವಾಡಿ ಟೀಚರಾದೆ, ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ಕೂರಿಸಿ, ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು ಅಂತ ಕಲಿಸಿ ರಿಟೈರಾದೆ. ನಗಬೇಡಿ. ಅಥವಾ ನಗಿ, ನನಗೇನು.

ಮೊನ್ನೆ ಭಾನುವಾರ ಸೊಸೆಗೆ "ಒಸಿ ಮಾಗಡಿಗೆ ಹೋಗ್ಬರ್ತೀನಿ" ಅಂತಷ್ಟೇ ಹೇಳಿ ಹೊರಟೆ. ರಾಮನಗರದಲ್ಲಿ ಬಸ್ಸು ಬದಲಾಯಿಸುವಾಗ ಗೂಡು ಬೇಯಿಸುವ ವಾಸನೆ ಬಂತು. ಈಗಲೂ ಇದೆ ಆ ವಾಸನೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ. ಅವಳ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಹೇಳಬೇಕು ಅಂತ.

ಅಂಗಡಿಯನ್ನು ಈಗ ಸರೋಜಕ್ಕನ ಮಗಳು ಪವಿತ್ರ ನೋಡಿಕೊಳ್ಳುತ್ತಾಳೆ. ಬೆಟ್ಟ ಹತ್ತಿ ಬಂದ ಮೂವರು ಹುಡುಗರು ವಡೆ ತಿನ್ನುತ್ತಿದ್ದರು. ಕಪ್ಪು ಟೀ ಶರ್ಟು, ಅದರ ಮೇಲೆ ತಲೆಬುರುಡೆ, ಟೀವಿಯಲ್ಲಿ ಆ ಬಿ ಸೈಡಿನ ಹಾಡಿನವರು ಹಾಕುವಂಥದ್ದು. "ಈ ಬುರುಡೆ ಶರ್ಟಿನವರು ಬಂದ್ರೆ ಅಮ್ಮ ಒಂದು ವಡೆ ಜಾಸ್ತಿ ಕೊಡುಸ್ತಾರೆ ಚಿಕ್ಕಮ್ಮ" ಅಂದಳು ಪವಿತ್ರ. "ಅವ್ರು ಫೋನಲ್ಲಿ ಹಾಡು ಹಾಕಿದ್ರೆ ಮಾತ್ರ ಅಮ್ಮ ಎದ್ದು ಒಳಕ್ಕೋಗ್‌ಬುಡ್ತಾರೆ. ಯಾಕೋ ಗೊತ್ತಿಲ್ಲ." ಆಮೇಲೆ ಅವಳು ಹೇಳಿದ್ದು ಕೇಳಿ ನನ್ನ ಜೀವ ಹಾರಿತು: "ಒಸಿ ಜೋರಾಗಿ ಮಾತಾಡಿ. ಎರಡು ವರ್ಷದಿಂದ ಅಮ್ಮಂಗೆ ಕಿವಿ ಮಂದ."

ಸರೋಜಕ್ಕ ಅಂಗಡಿಯ ಮುಂದಿನ ಬೆಂಚಿನಲ್ಲಿ ಪೇಪರನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದಳು. ಅವತ್ತಿನದೇ ಪೇಪರು. ನನ್ನನ್ನು ಕಂಡು "ಬನ್ನಿ ಬನ್ನಿ" ಅಂದಳು. ನಾನು ಪಕ್ಕದಲ್ಲಿ ಕೂತೆ, ಕೈ ಹಿಡಿದುಕೊಂಡೆ, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ.

"ಆಂ?" ಅಂದಳು.

ಸ್ವಲ್ಪ ದನಿ ಎತ್ತಿದೆ. "ಆವತ್ತು ಸೊಳ್ಳೆಬತ್ತಿ ಹಚ್ಚಿದ್ದು ನಾನು ಅಕ್ಕ. ಹುಳ ಇದ್ದಾಗ." ಹುಡುಗರಲ್ಲಿ ಒಬ್ಬ ತಿರುಗಿ ನೋಡಿದ. ಅವಳು ಕಿವಿಗೆ ಕೈ ಅಡ್ಡ ಹಿಡಿದು ಮತ್ತೆ "ಆಂ?" ಅಂದಳು.

ಆ ಮನೆಯಲ್ಲಿ ಪಿಸುಗುಟ್ಟಿಯೇ ಬದುಕಿದವಳು ನಾನು. ಗಂಡನ ಮೇಲೂ ಮಕ್ಕಳ ಮೇಲೂ ಒಂದು ದಿನ ಕೂಗಿದವಳಲ್ಲ. ಎದ್ದು ನಿಂತು ರಸ್ತೆಯ ಆ ಬದಿಗೂ ಕೇಳುವ ಹಾಗೆ ಕೂಗಿದೆ: "ಹುಳ ಸತ್ತದ್ದು ನಿನ್ ಹಾಡಿಂದಲ್ಲ. ನಾನು ಸೊಳ್ಳೆಬತ್ತಿ ಹಚ್ಚಿದ್ದೆ. ಗೊತ್ತಿದ್ದೂ ಹಚ್ಚಿದ್ದೆ. ನಿನ್ನ ಬೈಯೋವಾಗ ಸುಮ್ನೆ ಕೂತಿದ್ದೆ." ಕೊನೆಗೆ ದನಿ ಒಡೆದು ಏನೇನೋ ಆಗಿ ಬಂತು. ಹುಡುಗರು ವಡೆ ತಿನ್ನುವುದನ್ನು ನಿಲ್ಲಿಸಿದ್ದರು. ಎದುರು ಪಂಕ್ಚರ್ ಅಂಗಡಿಯವನು ಎದ್ದು ಬಂದಿದ್ದ.

ಸರೋಜಕ್ಕ ಕಿವಿಯಿಂದ ಕೈ ತೆಗೆದಳು. "ಮೊದಲ್ನೇ ಸಲಾನೇ ಕೇಳುಸ್ತು ಕಣಮ್ಮಿ" ಅಂದಳು.

"ಮತ್ಯಾಕೆ ಮೂರು ಸಲ ಕೂಗುಸ್ದೆ?"

"ಇಷ್ಟ್ ವರ್ಸ ಸುಮ್ಕಿದ್ಯಲ್ಲ." ಪೇಪರನ್ನು ಮಡಿಲಿಗೆ ಇಳಿಸಿ, "ಮೂರ್ನೇದು ಚೆನ್ನಾಗಿತ್ತು. ಗಂಟ್ಲು ಹರೀತು" ಅಂದಳು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಪೇಪರನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, ರಸ್ತೆ ನೋಡುತ್ತಾ ಮಾತಾಡಿದಳು. "ಹಂಗಾರೆ ಅವು ಕುಣೀತಿದ್ದಿದ್ದು ದಿಟವೇಯ."

ನನಗೆ ತಿಳಿಯಲಿಲ್ಲ.

"ಸಾಯೋ ದಿನ ಹಾಡಿಲ್ದೇನೆ ತಲೆ ಆಡುಸ್ತಿದ್ವಲ್ಲಮ್ಮಿ. ಅಯ್ಯೋ, ಮೊದ್ಲಿಂದ್ಲೂ ಸಂಕಟಕ್ಕೇ ಆಡುಸ್ತಿದ್ವೇನೋ, ನಾನು ಪಾಪಿ ಕುಣೀತಾವೆ ಅನ್ಕಂಡು ಇನ್ನೂ ಜೋರಾಗ್ ಹಾಕ್ತಿದ್ದೆ ಅಂತ..." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಇಷ್ಟ್ ವರ್ಸ ಅದೇ ಕಣಮ್ಮಿ ಎದೇಲಿದ್ದಿದ್ದು. ಆ ಹಾಡ್ ಕೇಳುದ್ರೆ ಹಸುರ್ ನೀರೇ ಕಣ್ಮುಂದೆ ಬರೋದು."

ಅವಳಿಂದ ನಾನು ಹಾಡನ್ನು ಮಾತ್ರ ಕಿತ್ತುಕೊಂಡೆ ಅಂದುಕೊಂಡಿದ್ದೆ. ಅವಳು ನನ್ನ ತಪ್ಪನ್ನೂ ತಾನೇ ಹೊತ್ತುಕೊಂಡಿದ್ದಳು. ಒಂದು ಸಂಜೆ, ಒಂದೇ ಒಂದು ಮಾತು ಹೇಳಿದ್ದರೆ ಇಳಿದುಹೋಗುತ್ತಿತ್ತು.

ಅಷ್ಟರಲ್ಲಿ ಅವಳು ಬುರುಡೆ ಶರ್ಟಿನವನನ್ನು ಕೈಸನ್ನೆ ಮಾಡಿ ಕರೆದಳು. "ಹಾಕಪ್ಪ ನಿಮ್ದು. ಜೋರಾಗ್ ಹಾಕು." ಅವನು ಪವಿತ್ರಳ ಮುಖ ನೋಡಿದ, ಆಮೇಲೆ ಫೋನಿನಲ್ಲಿ ಹಾಕಿದ. ಸರೋಜಕ್ಕ ಫೋನನ್ನು ಇಸಿದುಕೊಂಡು ಸ್ಟೀಲ್ ಚೊಂಬಿನೊಳಗೆ ಇಳಿಸಿ, ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಎಷ್ಟು ಕೇಳಿಸಿತೋ ಏನೋ. ಸ್ವಲ್ಪ ಹೊತ್ತಿಗೆ ಅವಳ ತಲೆ ಮೇಲೆ ಕೆಳಗೆ ಆಡತೊಡಗಿತು. ಕೂದಲೆಲ್ಲ ಬೆಳ್ಳಗಾಗಿದೆ, ಜಡೆ ತುಂಬಾ ಸಣ್ಣದಾಗಿದೆ. "ಅಪೋಸಿಷನ್ನು" ಅಂದಳು ನನ್ನ ಕಡೆ ನೋಡಿ.

ಹೊತ್ತು ಇಳಿದು ಸೊಳ್ಳೆ ಶುರುವಾದವು. ಪವಿತ್ರ ಡಬ್ಬಿಯಿಂದ ಹಸಿರು ಬತ್ತಿ ತೆಗೆದಳು. ಸರೋಜಕ್ಕ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಬೆಂಕಿಪೊಟ್ಟಣದ ಜೊತೆ ನನ್ನ ಮಡಿಲಿಗೆ ಹಾಕಿದಳು. "ನೀನೇ ಹಚ್ಚಮ್ಮಿ. ಇಲ್ಲಿ ಹುಳ ಇಲ್ಲ."

ಎರಡು ಕಡ್ಡಿ ಆರಿಹೋದವು. ಮೂರನೆಯದಕ್ಕೆ ಹತ್ತಿಕೊಂಡಿತು. ಹೊಗೆ ನಮ್ಮಿಬ್ಬರ ನಡುವೆ ಎದ್ದಿತು, ನಾನು ಮುಖ ತಿರುಗಿಸಲಿಲ್ಲ. ಅವಳು ಪೇಪರಿನ ಮೊದಲ ಪುಟವನ್ನು ಮೇಲೆ ಮಾಡಿ ತೊಡೆಯ ಮೇಲೆ ಹರಡಿಕೊಂಡು, ಅತ್ತಿತ್ತ ನೋಡಿ, ನನ್ನ ಹತ್ತಿರಕ್ಕೆ ಸರಿದಳು.

"ಒಸಿ ನಿಜ ಹೇಳಮ್ಮಿ, ಈ ಸರ್ಕಾರ ಇನ್ನೆಷ್ಟ್ ತಿಂಗ್ಳು ನಿಂತ್ಕತದೆ ಅನ್ಸುತ್ತೆ ನಿಂಗೆ?"

"ಡೆಲ್ಲಿದಾ ಅಕ್ಕ?" ಅಂತ ಕೂಗಿದೆ.

"ಇನ್ಯಾವ್ದು?" ಅಂದಳು.

ನನಗೆ ಗೊತ್ತಿರಲಿಲ್ಲ. ಆದರೂ ಪಂಕ್ಚರ್ ಅಂಗಡಿಯವನಿಗೂ ಕೇಳುವ ಹಾಗೆ ಕೂಗಿ ಹೇಳಿದೆ.